ಕಾಡೆಂಬ ಲೋಕ, ನಗರವೆಂಬ ಲೋಕ: ಸಂಸ್ಕೃತಿಯನ್ನು ಅಳಿಸುವ ಕಥೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಆಲ್ಡಸ್ ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್' ಕಾದಂಬರಿಯಲ್ಲಿ ನ್ಯೂ ಮೆಕ್ಸಿಕೋದ ಮೂಲನಿವಾಸಿಗಳ ಮೀಸಲು ಪ್ರದೇಶವನ್ನು ನೋಡಲು ಲಂಡನ್ನಿನಿಂದ ಇಬ್ಬರು ಬರುತ್ತಾರೆ. ಅಲ್ಲಿನ ಅಧಿಕಾರಿ ಅವರೆದುರು ಬಾಯಿಪಾಠ ಒಪ್ಪಿಸುತ್ತಾನೆ: 5,60,000 ಚದರ ಕಿಲೋಮೀಟರ್ ನೆಲ, ಅದರ ಸುತ್ತ 60,000 ವೋಲ್ಟ್ ವಿದ್ಯುತ್ ಹರಿಯುವ ಬೇಲಿ, ಬೇಲಿಯೊಳಗೆ ಸುಮಾರು 60,000 ಜನ. ಆಮೇಲೆ ಆ ಜನರ ಅನಾಗರಿಕ ಲಕ್ಷಣಗಳ ಪಟ್ಟಿ ಬರುತ್ತದೆ. ಮದುವೆ, ಕುಟುಂಬ, ಪೂರ್ವಿಕರ ಆರಾಧನೆ ಇವುಗಳ ಬೆನ್ನಿಗೆ, ಪೂಮಾ ಮತ್ತು ಮುಳ್ಳುಹಂದಿಗಳಿಗಿಂತ ತುಸು ಮುಂಚೆ, ಅಳಿದುಹೋದ ಭಾಷೆಗಳು ಎಂಬ ಬಾಬತ್ತೂ ಅದರಲ್ಲಿದೆ. ಉದಾಹರಣೆಗೆ ಅವನು ಕೊಡುವ ಹೆಸರುಗಳು ಝೂನಿ, ಸ್ಪ್ಯಾನಿಷ್ ಮತ್ತು ಅಥಪಾಸ್ಕನ್. ಆ ಭಾಷೆಗಳನ್ನಾಡುವ ಜನ ಅವನ ಕಚೇರಿಯಿಂದ ಸ್ವಲ್ಪವೇ ದೂರದಲ್ಲಿ ಬದುಕಿದ್ದಾರೆ, ಮಕ್ಕಳಿಗೆ ಅದೇ ಭಾಷೆಯಲ್ಲಿ ಜೋಗುಳ ಹಾಡುತ್ತಿದ್ದಾರೆ. ಆದರೂ ಬೇಲಿಯ ಹೊರಗೆ ಕೇಳಿಸದ ಮಾತು ಸತ್ತ ಮಾತು ಎಂದು ಆಡಳಿತ ತೀರ್ಮಾನಿಸಿಬಿಟ್ಟಿದೆ.

ಒಂದು ಸಮುದಾಯದ ನುಡಿ, ನಂಬಿಕೆ, ನೆನಪುಗಳನ್ನು ಅಂಚಿಗೆ ತಳ್ಳಿ ಕೊನೆಗೆ ಇಲ್ಲವಾಗಿಸುವ ಲೋಕವನ್ನು ಕಲ್ಪಿಸಿದ ವಿಜ್ಞಾನ ಕಾದಂಬರಿಗಳು ಇಂಗ್ಲಿಷಿನಲ್ಲಿ ಕಡಿಮೆಯಿಲ್ಲ. ಇವುಗಳಲ್ಲಿ ಒಂದನ್ನೋ ಎರಡನ್ನೋ ಆರಿಸಿಕೊಳ್ಳಬೇಕಾದ ಓದುಗರಿಗೆ, ತಿಂಗಳಿಗೊಂದು ಪುಸ್ತಕ ಹಿಡಿಯುವ ಓದುಗ ಬಳಗಗಳಿಗೆ ನೆರವಾಗಲೆಂದು ಐದು ಕೃತಿಗಳನ್ನು ಇಲ್ಲಿ ಹೋಲಿಸಿದ್ದೇನೆ. ಪ್ರಶಸ್ತಿಗಳ ಪಟ್ಟಿಯನ್ನು ನೋಡಿ ಆರಿಸುವುದರಿಂದ ಹೆಚ್ಚಿನ ಪ್ರಯೋಜನವಾಗುವುದಿಲ್ಲ, ಏಕೆಂದರೆ ಇವುಗಳಲ್ಲಿ ಬಹುತೇಕ ಎಲ್ಲವೂ ಯಾವುದಾದರೊಂದು ಪ್ರಶಸ್ತಿ ಪಡೆದಿವೆ ಅಥವಾ ಪಠ್ಯಪುಸ್ತಕದ ಸ್ಥಾನಕ್ಕೇರಿವೆ. ನನ್ನ ಅನುಭವದಲ್ಲಿ ಎರಡು ಪ್ರಶ್ನೆಗಳು ಹೆಚ್ಚು ಕೆಲಸಕ್ಕೆ ಬರುತ್ತವೆ. ಅಳಿಸುವ ಕೆಲಸ ಯಾವುದರಿಂದ ನಡೆಯುತ್ತದೆ, ಬೇಲಿಯಿಂದಲೇ, ಕೊಡಲಿಯಿಂದಲೇ, ಕಾನೂನಿನಿಂದಲೇ, ಶಾಲೆಯಿಂದಲೇ, ಮೋಹದಿಂದಲೇ? ಹಾಗೆ ಅಳಿಸುವಾಗ ಕಾದಂಬರಿ ಓದುಗನನ್ನು ಎಲ್ಲಿ ಕೂರಿಸುತ್ತದೆ?

ಬೇಲಿಯ ಹೊರಗೆ ನಿಂತು ನೋಡುವ ಪುಸ್ತಕ

'ಬ್ರೇವ್ ನ್ಯೂ ವರ್ಲ್ಡ್' 1932ರಲ್ಲಿ ಪ್ರಕಟವಾಯಿತು. ಈ ಪ್ರಕಾರದ ಇತಿಹಾಸ ತಿಳಿಯಬೇಕೆನ್ನುವವರು ಇದನ್ನು ತಪ್ಪಿಸಿಕೊಳ್ಳಲಾಗದು. ಆದರೆ ನಮ್ಮ ವಿಷಯಕ್ಕೆ ಇದೊಂದನ್ನೇ ಆರಿಸಿಕೊಳ್ಳುವುದಾದರೆ ನಾನು ಬೇಡವೆನ್ನುತ್ತೇನೆ. ಮೀಸಲು ಪ್ರದೇಶದಲ್ಲಿ ಹುಟ್ಟಿ ಬೆಳೆದ ಜಾನ್ ಎಂಬ ತರುಣ ಬೇಲಿಯ ಹೊರಗಿನ ಜಗತ್ತನ್ನು ಆಳುವ ವಿಶ್ವರಾಜ್ಯದ ಸುಖಲೋಲುಪತೆಯನ್ನು ಎದುರಿಸುವಾಗ ಅವನ ಬಾಯಲ್ಲಿ ಬರುವುದು ಷೇಕ್ಸ್‌ಪಿಯರನ ಸಾಲುಗಳು. ಅವನನ್ನು ಸಾಕಿದ ಊರಿನ ಹಾಡು, ಕಥೆ, ದೈವಗಳಿಗೆ ವಿಶ್ವರಾಜ್ಯದ ಜೊತೆ ವಾದಕ್ಕಿಳಿಯುವ ಅವಕಾಶವೇ ಸಿಗುವುದಿಲ್ಲ. ಅಂದರೆ ಕಾದಂಬರಿಯೊಳಗಿನ ಆಡಳಿತ ಆ ಜನರನ್ನು ಬೇಲಿಯೊಳಗಿಟ್ಟಂತೆ ಕಾದಂಬರಿಕಾರನೂ ಇಟ್ಟಿದ್ದಾನೆ. ಆ ಪ್ರದೇಶವನ್ನು ಕಣ್ಣಾರೆ ಕಾಣದೆ ಪುಸ್ತಕಗಳನ್ನು ಓದಿಯೇ ಅದನ್ನು ಚಿತ್ರಿಸಿದ್ದಾಗಿ ಹಕ್ಸ್‌ಲಿ ಮುಂದೆ ಹೇಳಿಕೊಂಡ. 1946ರ ಮುನ್ನುಡಿಯಲ್ಲಿ, ಜಾನ್‌ಗೆ ಎರಡು ಹುಚ್ಚುಗಳ ನಡುವೆ ಮಾತ್ರ ಆಯ್ಕೆ ಕೊಟ್ಟಿದ್ದು ಕೃತಿಯ ದೊಡ್ಡ ಲೋಪವೆಂದು ಅವನೇ ಒಪ್ಪಿಕೊಂಡ. ಹಾಗಿದ್ದರೂ ಅಧಿಕಾರಿಯ ಆ ಪಟ್ಟಿಯ ದೃಶ್ಯ ಮಾತ್ರ ಮರೆಯಲಾಗದ್ದು. ಅದು ಅತಿರೇಕವೆಂದು ತೋರಿದರೆ ನಮ್ಮ ಜನಗಣತಿಯನ್ನು ನೋಡಬಹುದು: 1971ರಿಂದೀಚೆಗೆ 10,000ಕ್ಕಿಂತ ಕಡಿಮೆ ಜನ ಆಡುವ ಭಾಷೆಗಳಿಗೆ ಪ್ರಕಟಿತ ಕೋಷ್ಟಕಗಳಲ್ಲಿ ತಮ್ಮದೇ ಹೆಸರಿನ ಸಾಲು ಇರುವುದಿಲ್ಲ.

ಕೊಡಲಿಯ ಕಥೆ

ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ 'ದ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್' ಎಂಬ ಕಿರುಕಾದಂಬರಿಯನ್ನು ಬರೆಯತೊಡಗಿದ್ದು 1968ರ ಚಳಿಗಾಲದಲ್ಲಿ, ಲಂಡನ್ನಿನಲ್ಲಿದ್ದಾಗ, ವಿಯೆಟ್ನಾಂ ಯುದ್ಧದ ಮೇಲಿನ ಸಿಟ್ಟಿನಲ್ಲಿ. ಅದು 1972ರಲ್ಲಿ ಪ್ರಕಟವಾಗಿ ಮರುವರ್ಷ ವಿಜ್ಞಾನ ಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆಯಿತು. ಮರ ಮುಗಿದುಹೋದ ಭೂಮಿಯಿಂದ ಮನುಷ್ಯರು ಅಥ್‌ಶೆ ಎಂಬ ಕಾಡುಗ್ರಹಕ್ಕೆ ಬಂದಿಳಿಯುತ್ತಾರೆ. ಅದಕ್ಕೆ ನ್ಯೂ ತಾಹಿತಿ ಎಂದು ಹೊಸ ಹೆಸರಿಡುತ್ತಾರೆ. ದಿಮ್ಮಿಗಳನ್ನು ಊರಿಗೆ ಸಾಗಿಸುತ್ತಾರೆ. ಮೂರಡಿ ಎತ್ತರದ, ಹಸಿರು ರೋಮದ ಮೂಲನಿವಾಸಿಗಳನ್ನು ಬೈಗುಳದಂಥ ಅಡ್ಡಹೆಸರಿನಿಂದ ಕರೆದು ಜೀತಕ್ಕೆ ಹಚ್ಚುತ್ತಾರೆ. ಕಡತಗಳಲ್ಲಿ ಮಾತ್ರ ಆ ಜೀತಕ್ಕೆ 'ಸ್ವಯಂಪ್ರೇರಿತ ದುಡಿಮೆ' ಎಂಬ ಹೆಸರಿದೆ.

ಕಥೆಯ ತಿರುಳು ಶೀರ್ಷಿಕೆಯಲ್ಲೇ ಇದೆ. ಆ ಜನರ ನುಡಿಯಲ್ಲಿ ಕಾಡಿಗೂ ಲೋಕಕ್ಕೂ ಒಂದೇ ಪದ. ಇದನ್ನು ಕನ್ನಡದಲ್ಲಿ ಹೇಳಲು ಹೊರಟರೆ ಎಡವುತ್ತೇವೆ, ಏಕೆಂದರೆ ನಮ್ಮ ನುಡಿ ಕಾಡನ್ನೂ ನಾಡನ್ನೂ ಎದುರುಬದುರು ನಿಲ್ಲಿಸಿದೆ. ಊರು ಹೋಗು ಎಂದಾಗ ಬಾ ಎನ್ನುವುದು ಕಾಡು, ಅಂದರೆ ಸುಡುಗಾಡು. ಕಾಡು ಕಡಿದರೆ ನಾಡಾಗುತ್ತದೆ ಎಂಬ ಎಣಿಕೆ ನಮ್ಮ ಪದಗಳ ಬೆನ್ನಿಗೇ ಅಂಟಿಕೊಂಡಿರುವಾಗ, ಕಾಡು ಕಡಿದರೆ ಲೋಕವೇ ಮುಗಿಯಿತು ಎನ್ನುವ ಜನರ ಸಂಕಟವನ್ನು ತಿಳಿಯಲು ಕನ್ನಡದ ಓದುಗ ತನ್ನ ಭಾಷೆಯ ಒಳಗೇ ಸ್ವಲ್ಪ ದೂರ ನಡೆದುಹೋಗಬೇಕಾಗುತ್ತದೆ. ಅದೇ ಕಾರಣಕ್ಕೆ ಈ ಪುಸ್ತಕ ನಮಗೆ ಇಂಗ್ಲಿಷ್ ಓದುಗರಿಗಿಂತ ಹೆಚ್ಚು ಕೊಡುತ್ತದೆಂದು ನನ್ನ ಭಾವನೆ.

ಓದುಗ ಕೂರುವ ಜಾಗದ ಪ್ರಶ್ನೆಗೆ ಲೆ ಗ್ವಿನ್ ಕೊಡುವ ಉತ್ತರ ಜಾಣತನದ್ದು. ಅಧ್ಯಾಯಗಳು ಮೂವರ ತಲೆಯೊಳಗೆ ಸರದಿಯಂತೆ ನಡೆಯುತ್ತವೆ: ಕ್ರೌರ್ಯವನ್ನೇ ಗಂಡಸ್ತಿಕೆಯೆಂದು ತಿಳಿದ ಕ್ಯಾಪ್ಟನ್ ಡೇವಿಡ್‌ಸನ್, ಹೆಂಡತಿಯನ್ನು ಅವನ ಕೈಯಲ್ಲಿ ಕಳೆದುಕೊಂಡ ಸೆಲ್ವರ್, ಇಬ್ಬರ ನಡುವೆ ಸಿಕ್ಕಿಕೊಂಡ ಮಾನವಶಾಸ್ತ್ರಜ್ಞ ಲ್ಯುಬೋವ್. ಡೇವಿಡ್‌ಸನ್ ಅಪ್ಪಟ ದುಷ್ಟನಾಗಿಬಿಟ್ಟ ಎಂದು ಲೇಖಕಿಯೇ ಮುಂದೆ ಬರೆದುಕೊಂಡರು, ಆ ಅತೃಪ್ತಿ ನ್ಯಾಯವಾದದ್ದೇ. ಆದರೆ ಲ್ಯುಬೋವ್‌ನ ಚಿತ್ರ ಅವರ ಮನೆಯೊಳಗಿನ ಅರಿವಿನಿಂದ ಬಂದದ್ದು. ಲೆ ಗ್ವಿನ್ ಅವರ ತಂದೆ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್. ಕ್ಯಾಲಿಫೋರ್ನಿಯಾದ ಯಾಹಿ ಜನರಲ್ಲಿ ಉಳಿದ ಕೊನೆಯ ವ್ಯಕ್ತಿ 1911ರಲ್ಲಿ ಓರೊವಿಲ್ ಎಂಬ ಊರಿನಲ್ಲಿ ಕಾಣಿಸಿಕೊಂಡಾಗ ಅವನಿಗೆ ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿ ನೆಲೆ ಕೊಟ್ಟು ಅವನ ನುಡಿಯನ್ನು ದಾಖಲಿಸಿದವರಲ್ಲಿ ಅವರೂ ಒಬ್ಬರು. ತನ್ನ ನಿಜವಾದ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ಅವನನ್ನು ಕರೆಯುತ್ತಿದ್ದ 'ಇಶಿ' ಎಂಬುದಕ್ಕೆ ಅವನ ನುಡಿಯಲ್ಲಿ ಮನುಷ್ಯ ಎಂದಷ್ಟೇ ಅರ್ಥ. 1916ರಲ್ಲಿ ಅವನು ತೀರಿಕೊಂಡ. ಪ್ರೀತಿಯಿಂದ ದಾಖಲಿಸುವವನೂ ಅಳಿಸುವ ಯಂತ್ರದ ಒಂದು ಹಲ್ಲೇ ಆಗಿರಬಹುದೆಂಬ ಕಹಿಯನ್ನು ಲ್ಯುಬೋವ್‌ನ ಪಾತ್ರ ತನ್ನ ಅಂತ್ಯದವರೆಗೂ ಹೊರುತ್ತದೆ.

ಇನ್ನೂ ಒಂದು ಪದ ಈ ಪುಸ್ತಕದಲ್ಲಿದೆ. ಸೆಲ್ವರ್‌ನನ್ನು ಅವನ ಜನ ಕರೆಯುವ 'ಶಾಬ್' ಎಂಬ ಪದಕ್ಕೆ ದೇವರು ಎಂದೂ ಅರ್ಥ, ಅನುವಾದಕ ಎಂದೂ ಅರ್ಥ. ಕೊಲೆಯನ್ನೇ ಅರಿಯದ ಜನರಿಗೆ ಅವನು ಕೊಲೆಯನ್ನು ಅನುವಾದಿಸಿ ಕೊಡುತ್ತಾನೆ. ಬಂಡಾಯ ಗೆದ್ದ ಮೇಲೂ ಆ ಕಲಿಕೆಯನ್ನು ಮರೆಯಲು ಬರುವುದಿಲ್ಲ. ನೊಂದವರು ಗೆದ್ದ ಕೂಡಲೇ ಹಳೆಯ ಬದುಕು ಮರಳಿ ಬರುತ್ತದೆಂಬ ಭ್ರಮೆಯನ್ನು ಇಟ್ಟುಕೊಳ್ಳದ ಕಥೆ ಬೇಕಾದವರಿಗೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಚೊಕ್ಕವಾದ ಆಯ್ಕೆ ನನಗೆ ತಿಳಿದಂತೆ ಇಲ್ಲ.

ಕಾನೂನು ಮತ್ತು ಶಾಲೆ

ಅದೇ ಲೇಖಕಿ 2000ದಲ್ಲಿ ಪ್ರಕಟಿಸಿದ 'ದ ಟೆಲ್ಲಿಂಗ್' ಬೇರೆ ದಾರಿ ಹಿಡಿಯುತ್ತದೆ. ಅಕಾ ಎಂಬ ಗ್ರಹದಲ್ಲಿ ಹೊರಗಿನವರು ಯಾರೂ ದಂಡೆತ್ತಿ ಬಂದಿಲ್ಲ. ದೂರದ ಲೋಕಗಳ ತಂತ್ರಜ್ಞಾನವನ್ನು ಕಂಡು ಬೆರಗಾದ ಅಲ್ಲಿನವರೇ ತಮ್ಮದೆಲ್ಲ ಹಳಸಲು ಎಂದು ತೀರ್ಮಾನಿಸಿ, ಹಳೆಯ ಲಿಪಿಯನ್ನು ನಿಷೇಧಿಸಿ, ಪುಸ್ತಕಗಳನ್ನು ನಾಶಮಾಡಿ, ಪ್ರಜೆಗಳಿಗೆ 'ಉತ್ಪಾದಕ-ಗ್ರಾಹಕ' ಎಂದು ಹೆಸರಿಟ್ಟಿದ್ದಾರೆ. ಹಳೆಯ ಉಪಚಾರದ ಮಾತುಗಳೂ ಗುಲಾಮಗಿರಿಯ ಗುರುತೆಂದು ಬಹಿಷ್ಕಾರಕ್ಕೊಳಗಾಗಿವೆ. ಗೋಡೆಗಳ ಮೇಲಿನ ಹಳೆಯ ಅಕ್ಷರಗಳಿಗೆ ಸುಣ್ಣ ಬಳಿದಾಗಿದೆ, ಆದರೆ ಬೆಟ್ಟದ ಊರುಗಳಲ್ಲಿ ಅವು ಆ ಬಳಿದ ಪದರದ ಅಡಿಯಿಂದ ಇನ್ನೂ ಮಸುಕಾಗಿ ಕಾಣುತ್ತವೆ. ಚೀನಾದಲ್ಲಿ ಮಾವೋ ಕಾಲದ ಆಡಳಿತ ತಾವೋ ಪರಂಪರೆಯನ್ನು ಹತ್ತಿಕ್ಕಿದ ಸಂಗತಿ ಈ ಕಾದಂಬರಿಯ ಹಿಂದಿದೆ ಎಂದು ಲೇಖಕಿ ಹೇಳಿದ್ದಾರೆ.

ಇಲ್ಲಿನ ವೀಕ್ಷಕಿ ಸತಿ ಎಂಬ ಹೆಸರನ್ನು ನೆನಪಿಸುವ ಸಟ್ಟಿ, ಭಾರತೀಯ ಮೂಲದ ಕುಟುಂಬದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವಳು. ಭೂಮಿಯಲ್ಲಿ ಒಂದೇ ದೇವರು, ಒಂದೇ ವಾಕ್ಯ ಎನ್ನುವ ಮತಾಂಧ ಆಡಳಿತವನ್ನು ಕಂಡು ನೊಂದು, ಅಕಾದ ಸಾಹಿತ್ಯವನ್ನು ಕಲಿಯಲೆಂದು ಅರವತ್ತು ವರ್ಷಗಳಷ್ಟು ಕಾಲ ಉರುಳಿಹೋಗುವ ಪ್ರಯಾಣ ಮಾಡಿ ಅವಳು ಬರುತ್ತಾಳೆ. ಬಂದಿಳಿಯುವ ವೇಳೆಗೆ ಆ ಸಾಹಿತ್ಯವೇ ಇಲ್ಲ. ದೇವರ ಹೆಸರಿನಲ್ಲಿ ನಡೆದ ಅಳಿಸುವಿಕೆಯಿಂದ ತಪ್ಪಿಸಿಕೊಂಡವಳು ಪ್ರಗತಿಯ ಹೆಸರಿನ ಅಳಿಸುವಿಕೆಯ ನಡುವೆ ಬೀಳುತ್ತಾಳೆ. ಎರಡೂ ಒಂದೇ ಜಾತಿಯವೆಂದು ಕಾದಂಬರಿ ಗಟ್ಟಿಯಾಗಿ ಹೇಳುವುದಿಲ್ಲ, ಆದರೆ ಓದುಗನಿಗೆ ಅದನ್ನು ಕಾಣದಿರಲು ಆಗುವುದಿಲ್ಲ. ಇದು ಪಕ್ಷ ಹಿಡಿದು ಓದಲು ಕಷ್ಟವಾದ ಪುಸ್ತಕ. ಬಲದವರೂ ಎಡದವರೂ ಒಂದೇ ಮೇಜಿನಲ್ಲಿ ಕೂರುವ ಓದುಗ ಬಳಗವಿದ್ದರೆ ಇದನ್ನೇ ಹಿಡಿಯಬೇಕು. ಕುಂದೂ ಇದೆ: ನಡುಭಾಗ ನಿಧಾನ, ಬೆಟ್ಟದ ಊರಿನ ಕಷಾಯ, ವ್ಯಾಯಾಮ, ಕಥನಗಳ ವಿವರಣೆ ಕೆಲವೆಡೆ ಪ್ರವಾಸಿಯ ದಿನಚರಿಯಂತಾಗುತ್ತದೆ, ಮತ್ತು ಹೊರಗಿನಿಂದ ಬಂದವಳ ಕಣ್ಣಿಗೆ ಅಳಿದುಳಿದ ಸಂಸ್ಕೃತಿ ಸ್ವಲ್ಪ ಅತಿಯಾಗಿಯೇ ಸುಂದರವಾಗಿ ಕಾಣುತ್ತದೆ. ಆ ಪರಂಪರೆಯೊಳಗೆ ಮೇಲುಕೀಳು ಇರಲಿಲ್ಲವೇ, ಅದರಿಂದ ಬಿಡುಗಡೆ ಬಯಸಿದವರಿಗೆ ಕಾರಣಗಳಿರಲಿಲ್ಲವೇ ಎಂದು ಜಾತಿಯನ್ನು ಬಲ್ಲ ದೇಶದ ಓದುಗ ಕೇಳಿಯೇ ಕೇಳುತ್ತಾನೆ. ಆ ಪ್ರಶ್ನೆಗೆ ಕಾದಂಬರಿಯಲ್ಲಿ ಸಿಗುವ ಉತ್ತರ ತೆಳುವಾದದ್ದು.

ಚೆರಿ ಡಿಮಲೀನ್ ಅವರ 'ದ ಮ್ಯಾರೋ ಥೀವ್ಸ್' 2017ರಲ್ಲಿ ಬಂದು ಅದೇ ವರ್ಷ ಕೆನಡಾದ ಗವರ್ನರ್ ಜನರಲ್ ಪ್ರಶಸ್ತಿಯನ್ನು ಯುವಸಾಹಿತ್ಯ ವಿಭಾಗದಲ್ಲಿ ಪಡೆಯಿತು. ಲೇಖಕಿ ಅಲ್ಲಿನ ಮೆಟೀ ಎಂಬ ಮೂಲನಿವಾಸಿ ಸಮುದಾಯದವರು. ಹವಾಮಾನ ಕೆಟ್ಟುಹೋದ ಮುಂದಿನ ಕಾಲದಲ್ಲಿ ಜನರಿಗೆ ಕನಸು ಬೀಳುವುದು ನಿಂತುಹೋಗಿದೆ, ಕನಸಿಲ್ಲದವರು ಹುಚ್ಚರಾಗುತ್ತಿದ್ದಾರೆ. ಮೂಲನಿವಾಸಿಗಳಿಗೆ ಮಾತ್ರ ಇನ್ನೂ ಕನಸು ಬೀಳುತ್ತದೆ, ಅದು ಅವರ ಎಲುಬಿನ ಮಜ್ಜೆಯಲ್ಲಿದೆ. ಆದ್ದರಿಂದ ಅವರನ್ನು ಬೇಟೆಯಾಡಿ 'ಶಾಲೆ'ಗಳಿಗೆ ಸೇರಿಸಲಾಗುತ್ತದೆ.

ಶಾಲೆ ಎಂಬ ಪದವನ್ನು ಡಿಮಲೀನ್ ಸುಮ್ಮನೆ ಆರಿಸಿಲ್ಲ. ಕೆನಡಾದಲ್ಲಿ 19ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ಕೊನೆಯವರೆಗೆ ಸರ್ಕಾರ ಮತ್ತು ಚರ್ಚುಗಳು ನಡೆಸಿದ ವಸತಿಶಾಲೆಗಳಿಗೆ 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಒಯ್ದರು. ಕೂದಲು ಕತ್ತರಿಸುವುದು, ಹೆಸರು ಬದಲಿಸುವುದು, ಮನೆಮಾತನ್ನಾಡಿದರೆ ಹೊಡೆಯುವುದು ಅಲ್ಲಿನ ಶಿಸ್ತಾಗಿತ್ತು. ಈ ಶಾಲೆಗಳ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರ ವರದಿಯಲ್ಲಿ ಇದನ್ನು ಸಾಂಸ್ಕೃತಿಕ ನರಮೇಧವೆಂದು ಕರೆದು 94 ಶಿಫಾರಸುಗಳನ್ನು ಮುಂದಿಟ್ಟಿತು. ಹೀಗಾಗಿ ಈ ಕಾದಂಬರಿಯ ಭವಿಷ್ಯ ಅಲ್ಲಿನ ಓದುಗರಿಗೆ ನೆನಪಿನಂತೆ ಕೇಳಿಸುತ್ತದೆ.

ಓದುಗನನ್ನು ಇದು ಓಡುತ್ತಿರುವವರ ನಡುವೆಯೇ ಕೂರಿಸುತ್ತದೆ. ಹೊರಗಿನವರ ಮರುಕದ ಕಣ್ಣು ಇಲ್ಲಿ ಇಲ್ಲವೇ ಇಲ್ಲ. ಫ್ರೆಂಚಿ ಎಂಬ ಹುಡುಗ, ಅವನನ್ನು ಸೇರಿಸಿಕೊಂಡ ಪುಟ್ಟ ತಂಡ, ರಾತ್ರಿ ಬೆಂಕಿಯ ಸುತ್ತ 'ಕಥೆ' ಹೇಳುವ ಮಿಗ್, ಮನೆಮಾತನ್ನು ಇನ್ನೂ ಬಲ್ಲ ಮುದುಕಿ ಮಿನರ್ವಾ. ರೋಸ್ ಎಂಬ ಹುಡುಗಿ ಆ ಮುದುಕಿಯಿಂದ ಒಂದೇ ಒಂದು ಪದ ಕಲಿತಳೆಂದು ತಿಳಿದಾಗ ಫ್ರೆಂಚಿಗೆ ಹೊಟ್ಟೆ ಉರಿಯುತ್ತದೆ. ನುಡಿಯೊಂದರ ಬೆಲೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ, ಇಷ್ಟು ಎಳೆಯ ಅಸೂಯೆಯಲ್ಲಿ ತೋರಿಸಿದ ದೃಶ್ಯ ಈ ಐದು ಪುಸ್ತಕಗಳಲ್ಲಿ ಬೇರೆಲ್ಲೂ ಇಲ್ಲ. ಹದಿಹರೆಯದವರಿಗೆ ಕೊಡಬಹುದಾದದ್ದೂ ಇದೊಂದೇ. ಹಾಗೆಂದು ಮೃದುವಾದ ಪುಸ್ತಕವೆಂದು ತಿಳಿಯಬಾರದು. ಸಾವುಗಳಿವೆ, ಒಳಗಿನವರ ದ್ರೋಹವೂ ಇದೆ. ವಿಜ್ಞಾನದ ತರ್ಕ ಬಿಗಿಯಾಗಿರಬೇಕೆನ್ನುವವರಿಗೆ ಮಜ್ಜೆಯಲ್ಲಿ ಕನಸು ಎಂಬ ಕಲ್ಪನೆ ಒಪ್ಪಿಗೆಯಾಗದಿರಬಹುದು. ಅದನ್ನು ರೂಪಕವೆಂದು ಒಪ್ಪಿಕೊಂಡರೆ ಮಾತ್ರ ಮುಂದಿನ ಪುಟ ತಿರುಗುತ್ತದೆ.

ಇಲ್ಲಿ ನಮ್ಮ ಊರಿನದೊಂದು ಮಾತು ನೆನಪಾಗುತ್ತದೆ. ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಕಟ್ಟಬೇಕಾದ ಶಾಲೆಗಳನ್ನು ಕಂಡವರು ಈ ಕಥೆಯನ್ನು ತಮ್ಮದೆಂದುಕೊಳ್ಳಲು ಅವಸರಪಡಬಹುದು. ಆ ಹೋಲಿಕೆ ಬಹಳ ದೂರ ನಡೆಯುವುದಿಲ್ಲ. ಅಲ್ಲಿ ಮಕ್ಕಳನ್ನು ಹೆತ್ತವರ ಮಡಿಲಿಂದ ಕಿತ್ತುಕೊಂಡರು. ಇಲ್ಲಿ ಹೆತ್ತವರೇ ಸಾಲ ಮಾಡಿ ಶುಲ್ಕ ಕಟ್ಟಿ ಕಳಿಸುತ್ತಾರೆ. ನಮ್ಮ ಸ್ಥಿತಿಗೆ ಹತ್ತಿರವಾದ ಕಾದಂಬರಿ ಬೇರೆಯೇ ಇದೆ.

ಮೋಹದ ಕಥೆ

ಆರ್ಕಡಿ ಮಾರ್ಟೀನ್ ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಇತಿಹಾಸವನ್ನು ಅಭ್ಯಸಿಸಿದವರು. ಅವರ 'ಎ ಮೆಮೊರಿ ಕಾಲ್ಡ್ ಎಂಪೈರ್' 2019ರಲ್ಲಿ ಪ್ರಕಟವಾಗಿ 2020ರ ಹ್ಯೂಗೋ ಪ್ರಶಸ್ತಿ ಪಡೆಯಿತು. ತಮ್ಮ ಸಂಸ್ಕೃತಿಯನ್ನೇ ನುಂಗುತ್ತಿರುವ ಸಂಸ್ಕೃತಿಯ ಮೇಲೆ ಪ್ರೇಮ ಹುಟ್ಟಿದ ಎಲ್ಲರಿಗೂ ಇದರ ಅರ್ಪಣೆ. ಈ ಅರ್ಪಣೆಯನ್ನು ಓದಿ ಒಳಗೆಲ್ಲೋ ಚುಚ್ಚಿದರೆ ಪುಸ್ತಕ ಕೊಳ್ಳಬಹುದು, ಚುಚ್ಚದಿದ್ದರೆ ಇದು ಕೇವಲ ರಾಜಕೀಯ ಒಳಸಂಚಿನ ಕಥೆಯಾಗಿ ಉಳಿಯುತ್ತದೆ.

ಮಹಿತ್ ಡ್ಜ್‌ಮಾರೆ ಎಂಬ ತರುಣಿ ಲ್ಸೆಲ್ ಎಂಬ ಪುಟ್ಟ ಬಾಹ್ಯಾಕಾಶ ನಿಲ್ದಾಣದ ರಾಯಭಾರಿಯಾಗಿ ಟೇಶ್‌ಕಲಾನ್ ಸಾಮ್ರಾಜ್ಯದ ರಾಜಧಾನಿಗೆ ಬರುತ್ತಾಳೆ. ಹಿಂದಿನ ರಾಯಭಾರಿ ಸತ್ತಿದ್ದಾನೆ. ಅವನ ನೆನಪಿನ ಹದಿನೈದು ವರ್ಷ ಹಳೆಯ ಪ್ರತಿಯೊಂದು ಅವಳ ತಲೆಯೊಳಗಿದೆ. ಹಿಂದಿನವರ ಅನುಭವವನ್ನು ಹೀಗೆ ಮುಂದಿನವರಿಗೆ ದಾಟಿಸುವುದು ಆ ನಿಲ್ದಾಣದ ಗುಟ್ಟಾದ ಪದ್ಧತಿ, ಸಾಮ್ರಾಜ್ಯದ ಕಣ್ಣಿಗೆ ಅದು ಅಸಹ್ಯ. ಮಹಿತ್ ಚಿಕ್ಕಂದಿನಿಂದಲೂ ಟೇಶ್‌ಕಲಾನಿನ ಕಾವ್ಯವನ್ನು ಉರುಹೊಡೆದವಳು. ಅದರ ಛಂದಸ್ಸನ್ನು, ಶ್ಲೇಷೆಯನ್ನು, ಆಸ್ಥಾನದ ವರಸೆಗಳನ್ನು ಬಲ್ಲವಳು. ಆದರೂ ಔತಣಕೂಟದಲ್ಲಿ ಆಶುಕವಿತೆ ಹರಿಯತೊಡಗಿದಾಗ ತಾನೆಂದಿಗೂ ಅವರಂತೆ ಕಟ್ಟಲಾರೆನೆಂದು ಅವಳಿಗೆ ಗೊತ್ತಾಗುತ್ತದೆ. ಅವರ ಪಾಲಿಗೆ ಅವಳು ಎಷ್ಟು ಚೆನ್ನಾಗಿ ಮಾತಾಡಿದರೂ ಚೆನ್ನಾಗಿ ಮಾತಾಡುವ ಬರ್ಬರಳೇ.

ಟೇಶ್‌ಕಲಾನ್ ನುಡಿಯಲ್ಲಿ ನಗರ, ಸಾಮ್ರಾಜ್ಯ, ಲೋಕ ಮೂರಕ್ಕೂ ಒಂದೇ ಪದ. ಅಥ್‌ಶೆಯ ಕಾಡಿನ ಪದದ ಪಕ್ಕ ಇದನ್ನಿಟ್ಟು ನೋಡಿದಾಗ ಈ ಎರಡು ಪುಸ್ತಕಗಳು ಪರಸ್ಪರ ಮಾತಾಡತೊಡಗುತ್ತವೆ. ಅಲ್ಲಿ ತಮ್ಮ ನೆಲೆಯನ್ನು ಲೋಕವೆಂದುಕೊಂಡವರು ನಾಶಕ್ಕೆ ಗುರಿಯಾಗುತ್ತಾರೆ. ಇಲ್ಲಿ ತಮ್ಮ ನೆಲೆಯನ್ನು ಲೋಕವೆಂದುಕೊಂಡವರು ಉಳಿದವರನ್ನು ನಾಶಮಾಡುತ್ತಾರೆ. ಪದದ ಆಟ ಒಂದೇ, ಕೈಯಲ್ಲಿರುವ ಬಲ ಬೇರೆ. ಕಾಡಿನ ಪದಕ್ಕೆ ಒದ್ದಾಡುವ ಕನ್ನಡ ಈ ಎರಡನೆಯದಕ್ಕೆ ಒದ್ದಾಡುವುದಿಲ್ಲ. ನಗರದಿಂದ ನಾಗರಿಕ, ನಾಗರಿಕನಿಂದ ನಾಗರಿಕತೆ. ಗ್ರಾಮದಿಂದ ಬಂದ ಗ್ರಾಮ್ಯಕ್ಕೆ ನಮ್ಮ ಅಲಂಕಾರಶಾಸ್ತ್ರ ದೋಷದ ಪಟ್ಟಿಯಲ್ಲಿ ಜಾಗ ಕೊಟ್ಟಿದೆ. ಸಾಮ್ರಾಜ್ಯದ ಶಬ್ದಕೋಶ ನಮ್ಮಲ್ಲಿ ಮೊದಲೇ ಸಿದ್ಧವಾಗಿದೆ.

ಹೆಸರುಗಳ ವಿಷಯದಲ್ಲಿ ಮಾರ್ಟೀನ್ ತುಂಟರು. ಟೇಶ್‌ಕಲಾನಿನವರ ಹೆಸರು ಒಂದು ಸಂಖ್ಯೆ ಮತ್ತು ಒಂದು ನಾಮಪದ ಸೇರಿ ಆಗುತ್ತದೆ. ಮಹಿತ್‌ಳ ಸಹಾಯಕಿಯ ಹೆಸರು ಮೂರು ಕಡಲಹುಲ್ಲು ಎಂಬ ಅರ್ಥದ್ದು. ಹೊರಗಿನಿಂದ ಬಂದು ಪೌರತ್ವ ಪಡೆದವನೊಬ್ಬ ಹುರುಪಿನಿಂದ ತನಗೆ ಮೂವತ್ತಾರು ಎಂಬ ಸಂಖ್ಯೆಯನ್ನೂ ಹಿಮಬಯಲಿನಲ್ಲಿ ಓಡುವ ಮೋಟಾರು ವಾಹನದ ಹೆಸರನ್ನೂ ಇಟ್ಟುಕೊಂಡ ಕಥೆ ಕೇಳಿ ಎಲ್ಲರೂ ನಗುತ್ತಾರೆ, ಮಹಿತ್ ಕೂಡ ನಗುತ್ತಾಳೆ. ಆ ನಗುವಿನಲ್ಲಿ ತಾನೂ ಪಾಲುಗೊಂಡದ್ದರ ಅಳುಕು ಪುಸ್ತಕದುದ್ದಕ್ಕೂ ಅವಳ ಬೆನ್ನು ಬಿಡುವುದಿಲ್ಲ. ಹೊರದೇಶದ ಕಚೇರಿಗಳಲ್ಲಿ ತಮ್ಮ ಹೆಸರನ್ನು ಎರಡಕ್ಷರಕ್ಕೆ ತಾವೇ ಕತ್ತರಿಸಿಕೊಂಡ ಕನ್ನಡಿಗರಿಗೆ, ಬೆಂಗಳೂರಿನಲ್ಲೇ ಕುಳಿತು ಮಗುವಿನ ಜೊತೆ ಇಂಗ್ಲಿಷಿನಲ್ಲೇ ಮಾತಾಡುವ ಮನೆಯವರಿಗೆ ಈ ಅಳುಕನ್ನು ವಿವರಿಸಬೇಕಾಗಿಲ್ಲ. ಕೊಡಲಿಯೂ ಇಲ್ಲ, ಬೇಲಿಯೂ ಇಲ್ಲ, ಹೊಡೆಯುವ ಮೇಷ್ಟರೂ ಇಲ್ಲ. ಆ ಕಾವ್ಯ ನಿಜಕ್ಕೂ ಚೆನ್ನಾಗಿದೆ, ಕಷ್ಟ ಇರುವುದೇ ಅಲ್ಲಿ.

ಇದನ್ನು ದುಃಸ್ವಪ್ನಲೋಕದ ಕಾದಂಬರಿ ಎನ್ನಬಹುದೇ ಎಂಬ ಆಕ್ಷೇಪವಿದೆ. ರಾಜಧಾನಿ ಥಳಥಳಿಸುತ್ತದೆ, ಊಟ ರುಚಿಯಾಗಿದೆ, ಜನ ಹಾಸ್ಯಪ್ರಿಯರು. ಆದರೆ ಎಲ್ಲರನ್ನೂ ಗಮನಿಸುವ ನಗರಯಂತ್ರ, ಗಡಿಯಾಚೆ ಕಾದು ನಿಂತ ಯುದ್ಧನೌಕೆಗಳು, ಸ್ವಾಧೀನಕ್ಕೊಳಗಾಗುವ ಭಯದಲ್ಲೇ ಉಸಿರಾಡುವ ಪುಟ್ಟ ನಿಲ್ದಾಣ ಇವೆಲ್ಲ ನುಂಗಿಸಿಕೊಳ್ಳುವವರ ಕಡೆಯಿಂದ ನೋಡಿದರೆ ದುಃಸ್ವಪ್ನವೇ. ಲೇಖಕಿಯ ಸೋಲು ಬೇರೆ ಕಡೆಯಿದೆ: ಸಾಮ್ರಾಜ್ಯದ ಬೆಡಗನ್ನು ವರ್ಣಿಸುವಾಗ ಇರುವ ಉತ್ಸಾಹ ಲ್ಸೆಲ್‌ನ ಬದುಕನ್ನು ಕಟ್ಟುವಾಗ ಇಲ್ಲ. ಅಲ್ಲಿನ ಹಾಡು ಏನು, ಹಬ್ಬ ಏನು ಎಂದು ಕೇಳಿದರೆ ಪುಸ್ತಕ ಮುಗಿದರೂ ನಮಗೆ ಹೆಚ್ಚು ತಿಳಿದಿರುವುದಿಲ್ಲ. ಅದು ಮಹಿತ್‌ಳ ಮನಸ್ಸಿನ ಸ್ಥಿತಿಯೇ ಎಂದು ಸಮರ್ಥಿಸಬಹುದು, ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಪಟ್ಟಿಯಿಂದ ಹೊರಗುಳಿದವು

ಆರ್ವೆಲ್‌ನ '1984' ಏಕಿಲ್ಲ ಎಂದು ಕೇಳುವವರಿಗೆ: ಅಲ್ಲಿ ಆಡಳಿತ ಕತ್ತರಿಸುವುದು ತನ್ನದೇ ಬಹುಸಂಖ್ಯಾತರ ನುಡಿಯನ್ನು. ಪದಗಳನ್ನು ಕಡಿತಗೊಳಿಸಿ ಯೋಚನೆಯನ್ನೇ ಕಡಿತಗೊಳಿಸುವ ಬಗೆ ತಿಳಿಯಬೇಕಿದ್ದರೆ ಆ ಪುಸ್ತಕದ ಕೊನೆಯ ಅನುಬಂಧವೊಂದನ್ನೇ ಓದಿದರೂ ಸಾಕು. ಸುಝೆಟ್ ಹೇಡನ್ ಎಲ್ಜಿನ್ ಎಂಬ ಭಾಷಾವಿಜ್ಞಾನಿ 1984ರಲ್ಲಿ ಪ್ರಕಟಿಸಿದ 'ನೇಟಿವ್ ಟಂಗ್' ಇದಕ್ಕೆ ವಿರುದ್ಧ ದಿಕ್ಕಿನದು. ಹಕ್ಕುಗಳನ್ನು ಕಳೆದುಕೊಂಡ ಹೆಂಗಸರು ಗುಟ್ಟಾಗಿ ಹೊಸ ನುಡಿಯನ್ನು ಕಟ್ಟುತ್ತಾರೆ, ಮತ್ತು ಎಲ್ಜಿನ್ ಆ ನುಡಿಗೆ ನಿಜವಾಗಿಯೂ ವ್ಯಾಕರಣ, ನಿಘಂಟು ಬರೆದರು. ಭಾಷೆ ಕಲಿಸುವವರಿಗೆ ಇದು ಇಷ್ಟವಾದೀತು. ಗಂಡುಪಾತ್ರಗಳು ರಟ್ಟಿನ ಗೊಂಬೆಗಳು.

ಆಸ್ಟ್ರೇಲಿಯಾದ ಮೂಲನಿವಾಸಿ ನೂಂಗರ್ ಸಮುದಾಯದ ಕ್ಲೇರ್ ಕೋಲ್ಮನ್ ಅವರ 'ಟೆರಾ ನಲಿಯಸ್' ಬಗ್ಗೆ ಹೆಚ್ಚು ಹೇಳುವಂತಿಲ್ಲ, ಏಕೆಂದರೆ ನಡುವಿನಲ್ಲಿ ಒಂದು ತಿರುವಿದೆ, ಅದನ್ನು ಮೊದಲೇ ತಿಳಿದರೆ ಪುಸ್ತಕ ಅರ್ಧ ಸಾಯುತ್ತದೆ. ಶೀರ್ಷಿಕೆಯ ಅರ್ಥ ಯಾರಿಗೂ ಸೇರದ ನೆಲ ಎಂದು. ಆ ಖಂಡವನ್ನು ಜನವಿಲ್ಲದ ಜಾಗವೆಂಬಂತೆ ಕಂಡ ಕಾನೂನಿನ ಕಲ್ಪನೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮಾಬೋ ಪ್ರಕರಣದಲ್ಲಿ ತಳ್ಳಿಹಾಕಿದ್ದು 1992ರಷ್ಟು ತಡವಾಗಿ. ಇದನ್ನು ಆರಿಸುವವರು ಹಿಂಬದಿಯ ರಕ್ಷಾಪುಟವನ್ನಾಗಲಿ ಅಂತರ್ಜಾಲದ ವಿಮರ್ಶೆಗಳನ್ನಾಗಲಿ ಓದದೆ ನೇರವಾಗಿ ಮೊದಲ ಪುಟಕ್ಕೆ ಹೋಗಬೇಕು.

ಓದಲು ಬಿಡುವಿಲ್ಲ, ಸಿನಿಮಾ ಸಾಕು ಎನ್ನುವವರು 2009ರ 'ಡಿಸ್ಟ್ರಿಕ್ಟ್ 9' ನೋಡಬಹುದು. ಜೋಹಾನ್ಸ್‌ಬರ್ಗ್‌ನಲ್ಲಿ ಸಿಕ್ಕಿಬಿದ್ದ ಅನ್ಯಗ್ರಹದವರನ್ನು ಕೊಳೆಗೇರಿಯಿಂದ ಎತ್ತಂಗಡಿ ಮಾಡುವ ಕಥೆಯ ಹಿಂದೆ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯ ನೆನಪಿದೆ. ಅದನ್ನು 1966ರಲ್ಲಿ ಬಿಳಿಯರ ಪ್ರದೇಶವೆಂದು ಘೋಷಿಸಿ 60,000ಕ್ಕೂ ಹೆಚ್ಚು ಜ‌ನರನ್ನು ಹೊರಹಾಕಿದರು. ಆದರೆ ಅದೇ ಚಿತ್ರ ನೈಜೀರಿಯದವರನ್ನು ನರಭಕ್ಷಕ ಪುಂಡರಂತೆ ತೋರಿಸಿತೆಂದು ಆ ದೇಶದ ಸರ್ಕಾರ ಚಿತ್ರಮಂದಿರಗಳಿಂದ ಅದನ್ನು ತೆಗೆಸಿತು. ಬಳಗದಲ್ಲಿ ಚಿತ್ರ ತೋರಿಸುವುದಾದರೆ ಚರ್ಚೆಯನ್ನು ಈ ಆಕ್ಷೇಪದಿಂದಲೇ ಆರಂಭಿಸುವುದು ಒಳ್ಳೆಯದು.

ಇನ್ನು ಆಯ್ಕೆಯ ಮಾತು. ಒಂದೇ ಪುಸ್ತಕಕ್ಕೆ ಸಮಯವಿದ್ದರೆ ಕಾಡಿನ ಪುಸ್ತಕ. ಮನೆಯಲ್ಲಿ ಹದಿನೈದರ ಆಸುಪಾಸಿನವರಿದ್ದು ಜೊತೆಯಲ್ಲಿ ಓದುವುದಾದರೆ ಡಿಮಲೀನ್. ವಾದ ಮಾಡುವ ಬಳಗಕ್ಕೆ 'ದ ಟೆಲ್ಲಿಂಗ್'. ಎರಡು ಪುಸ್ತಕ ಓದಲು ಸಿದ್ಧರಿರುವವರು ಲೆ ಗ್ವಿನ್ ಅವರ ಕಾಡನ್ನು ಮೊದಲು, ಮಾರ್ಟೀನ್ ಅವರ ನಗರವನ್ನು ಆಮೇಲೆ ಓದಬೇಕು. ಈ ಕ್ರಮ ತಿರುವುಮುರುವಾದರೆ ಡೇವಿಡ್‌ಸನ್ ತೀರಾ ಒರಟಾಗಿ ಕಂಡು, ಕೊಡಲಿಯ ಕಾಲ ಎಂದೋ ಮುಗಿಯಿತೆಂಬ ತಪ್ಪು ನೆಮ್ಮದಿ ಹುಟ್ಟುವ ಅಪಾಯವಿದೆ. ಮೊದಲನೆಯದಕ್ಕೆ ಎರಡು ಸಂಜೆ ಸಾಕು. ಎರಡನೆಯದಕ್ಕೆ ಎರಡು ವಾರ ಇಟ್ಟುಕೊಳ್ಳಿ, ಆರಂಭದ ಅಧ್ಯಾಯಗಳಲ್ಲಿ ಸಂಖ್ಯೆಗಳ ಹೆಸರು ಹೊತ್ತವರು ಗೋಜಲೆನಿಸಿದರೆ ಕೊನೆಯಲ್ಲಿರುವ ಪದಕೋಶಕ್ಕೆ ಒಂದು ಕಾಗದದ ಚೂರು ಸಿಕ್ಕಿಸಿಟ್ಟುಕೊಳ್ಳಿ, ಮತ್ತು ಅರ್ಪಣೆಯ ಪುಟವನ್ನು ಮಗುಚದೆ ಓದಿ.